ಬುಟ್ಟಿ ಬಿದ್ದ ಮೇಲಿನ ಐದು ಸೆಕೆಂಡ್

"ಸ್ಟಾಪ್‌ವಾಚ್ ಹಿಡ್ಕೊಂಡು ಬ್ಯಾಸ್ಕೆಟ್‌ಬಾಲ್ ಕಲಿಸ್ತೀರಾ? ಓಟದ ಕೋಚ್ ಆಗಿಬಿಡಿ ಮೇಷ್ಟ್ರೇ." ಮಂಡ್ಯದಲ್ಲಿ ನಮ್ಮ ಕೋರ್ಟ್ ಪಕ್ಕದ ಟೀ ಅಂಗಡಿಯಲ್ಲಿ ಈ ಮಾತನ್ನು ಐದು ವರ್ಷ ಕೇಳಿದ್ದೇನೆ. ನಾನು ಅಳೆಯೋದು ಇಷ್ಟೇ: ಎದುರಾಳಿ ಬುಟ್ಟಿ ಹಾಕಿದ ಮೇಲೆ ನಮ್ಮ ಹುಡುಗಿಯರು ಚೆಂಡನ್ನು ಮತ್ತೆ ಆಟಕ್ಕೆ ತರೋಕೆ ಎಷ್ಟು ಹೊತ್ತು ಅಂತ. ಆ ಮಾತು ಹೇಳಿದವರಲ್ಲಿ ಇಬ್ಬರು ಈಗ ತಮ್ಮ ಟೀಮಿಗೂ ಅದನ್ನೇ ಮಾಡಿಸುತ್ತಿದ್ದಾರೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಶುರುವಾಗಿದ್ದು 2017ರಲ್ಲಿ. ಆ ಜುಲೈನಲ್ಲಿ ಬೆಂಗಳೂರಲ್ಲೇ ನಮ್ಮ ಸೀನಿಯರ್ ಮಹಿಳಾ ತಂಡ ಕಜಕಸ್ತಾನವನ್ನು 75-73ರಲ್ಲಿ ಸೋಲಿಸಿ ಏಷ್ಯಾ ಕಪ್‌ನ ಎರಡನೇ ಹಂತವಾದ ಬಿ ಡಿವಿಷನ್ ಗೆದ್ದಿತ್ತು. ಆ ಗುಂಗು ಇಳಿಯುವ ಮೊದಲೇ ಅಕ್ಟೋಬರ್‌ನಲ್ಲಿ ಹದಿನಾರು ವರ್ಷದೊಳಗಿನ ಹುಡುಗಿಯರ ಏಷ್ಯನ್ ಚಾಂಪಿಯನ್‌ಶಿಪ್ ಬಂತು. ನಮ್ಮ ಚಿಕ್ಕ ಹುಡುಗಿಯರೂ ಬಿ ಡಿವಿಷನ್ ಗೆದ್ದರು. ಖುಷಿಯಾಯಿತು, ಚಪ್ಪಾಳೆ ಹೊಡೆದೆ. ಆದರೆ ನಾನು ಹೋಗಿದ್ದು ಎ ಡಿವಿಷನ್ ನೋಡೋಕೆ. ಈ ಟೂರ್ನಿಗೆ ಮೊದಲ ಸಲ ಬಂದಿದ್ದ ಆಸ್ಟ್ರೇಲಿಯಾ ಕಪ್ ಒಯ್ದಿತು. ಫೈನಲ್‌ನಲ್ಲಿ ಸೋತ ಜಪಾನ್ ನನ್ನ ನಿದ್ದೆ ಒಯ್ದಿತು.

ಮೊದಲ ದಿನ ಎಲ್ಲರ ಹಾಗೆ ಶಾಟ್ ಚಾರ್ಟ್, ಅಂದರೆ ಯಾರು ಎಲ್ಲಿಂದ ಶಾಟ್ ಹೊಡೆದರು ಅನ್ನೋ ನಕ್ಷೆ, ಬರೆಯಲು ಕೂತೆ. ಹಾಫ್ ಕೋರ್ಟ್ ಚಿತ್ರದ ನೂರು ಜೆರಾಕ್ಸ್, ಮೂರು ಬಣ್ಣದ ಪೆನ್ನು. ಎರಡನೇ ಕ್ವಾರ್ಟರ್ ಬರುವ ಹೊತ್ತಿಗೆ ಹಾಳೆ ಸಂಕ್ರಾಂತಿ ರಂಗೋಲಿ ಆಗಿತ್ತು. ನಾನು ಒಂದು ಶಾಟ್ ಗುರುತು ಹಾಕಿ ತಲೆ ಎತ್ತುವಷ್ಟರಲ್ಲಿ ಜಪಾನಿನವರು ಇನ್ನೊಂದು ಕಡೆ ಬುಟ್ಟಿಯ ಬುಡಕ್ಕೇ ಓಡಿ ಲೇ-ಅಪ್ ಹಾಕಿ ವಾಪಸ್ ಬರುತ್ತಿದ್ದರು. ಸಿಟ್ಟಿನಲ್ಲಿ ಪೆನ್ನು ಕೆಳಗಿಟ್ಟೆ. ಆಮೇಲೆ ಹೊಳೆಯಿತು. ಇವರು ಎದುರಾಳಿ ಬುಟ್ಟಿ ಹಾಕಿದ ಮೇಲೂ, ಅವರು ಸಾವರಿಸಿಕೊಳ್ಳುವ ಮೊದಲೇ ನುಗ್ಗಿ ಫಾಸ್ಟ್ ಬ್ರೇಕ್ ಓಡುತ್ತಿದ್ದಾರಲ್ಲ!

ಶಾಟ್ ಹೊಡೆಯೋಕೆ 24 ಸೆಕೆಂಡ್ ಅಂತ ನಿಮಗೆಲ್ಲ ಗೊತ್ತು, ಅದನ್ನು ಎಣಿಸೋದು ಶಾಟ್ ಕ್ಲಾಕ್. ಬುಟ್ಟಿ ಹಾಕಿಸಿಕೊಂಡವರಲ್ಲಿ ಒಬ್ಬಳು ಕೊನೆಗೆರೆಯ ಹೊರಗಿಂದ ಚೆಂಡನ್ನು ಒಳಗಿರುವ ಜೊತೆಗಾರ್ತಿಗೆ ಎಸೆಯಬೇಕು. ಆದರೆ ಬುಟ್ಟಿ ಬಿದ್ದ ಮೇಲೆ ಶಾಟ್ ಕ್ಲಾಕ್ ಶುರುವಾಗೋದು ಒಳಗಿರುವವಳು ಚೆಂಡು ಮುಟ್ಟಿದಾಗ. ಅದಕ್ಕೆ ಮೊದಲಿನ ಹೊತ್ತನ್ನು ಯಾವ ಬೋರ್ಡೂ ತೋರಿಸಲ್ಲ. ಚೆಂಡು ಕೈಗೆ ಸಿಕ್ಕ ಮೇಲೆ ಎಸೆಯೋಕೆ ಐದು ಸೆಕೆಂಡ್ ಇದೆ, ಅದನ್ನು ಮೀರಿದರೆ ಮಾತ್ರ ರೆಫರಿ ಸೀಟಿ ಊದುತ್ತಾರೆ. ನಮ್ಮ ಹುಡುಗಿಯರು ಆ ಹೊತ್ತಲ್ಲಿ ಏನು ಮಾಡುತ್ತಾರೆ? ಒಬ್ಬಳು ಇನ್ನೊಬ್ಬಳ ಮುಖ ನೋಡುತ್ತಾಳೆ. ಒಬ್ಬಳು ಜಡೆ ಸರಿ ಮಾಡಿಕೊಳ್ಳುತ್ತಾಳೆ. ಸೆಂಟರ್, ಅಂದರೆ ಬುಟ್ಟಿ ಹತ್ತಿರ ಆಡುವ ಎತ್ತರದವಳು, ನಿಧಾನಕ್ಕೆ ಬಂದು ಚೆಂಡು ಎತ್ತಿಕೊಳ್ಳುತ್ತಾಳೆ. ಅಷ್ಟರಲ್ಲಿ ಎದುರಾಳಿ ಪ್ರೆಸ್ ಹಾಕಿ, ಅಂದರೆ ನಮ್ಮ ತುದಿಯಲ್ಲೇ ಒಬ್ಬೊಬ್ಬರನ್ನೂ ಅಡ್ಡಗಟ್ಟಿ, ನಿಂತಾಗಿರುತ್ತದೆ. ಪ್ರೆಸ್ ಮುರಿಯೋದು ಹೇಗೆ ಅಂತ ವರ್ಷಗಟ್ಟಲೆ ಕಲಿಸಿದ್ದೆ. ಅದು ನಿಲ್ಲುವ ಮೊದಲೇ ದಾಟಿಬಿಡಬಹುದು ಅಂತ ಯೋಚಿಸಿರಲಿಲ್ಲ.

ಚಿಕ್ಕಪೇಟೆಯಲ್ಲಿ ಎರಡು ಸ್ಟಾಪ್‌ವಾಚ್ ತಗೊಂಡೆ, ಎರಡೂ ಸೇರಿ ಎಂಟುನೂರೋ ಒಂಬೈನೂರೋ ಆಯಿತು. ಮಂಡ್ಯಕ್ಕೆ ಬಂದು ಅಳೆದೆ. ಬುಟ್ಟಿಯಿಂದ ಚೆಂಡು ಬಿದ್ದು ಒಳಗಿನವಳ ಕೈ ಸೇರುವವರೆಗೆ ನಮ್ಮವರಿಗೆ ಸರಾಸರಿ ಆರು ಸೆಕೆಂಡ್. ದಣಿದಾಗ ಏಳು. ಗುರಿ ಎರಡೂವರೆ ಅಂತ ಗೋಡೆ ಮೇಲೆ ಸುಣ್ಣದಲ್ಲಿ ಬರೆದೆ.

ಮೊದಲ ತಪ್ಪು ಎಸೆಯುವವಳನ್ನು ಗೊತ್ತು ಮಾಡಿದ್ದು. ಎಲ್ಲರ ಹಾಗೆ ಎತ್ತರದ ಹುಡುಗಿಗೆ ಆ ಕೆಲಸ ಕೊಟ್ಟೆ. ಅವಳು ದೂರದಿಂದ ಶಾಟ್ ಹೊಡೆಯುವ ಎದುರಾಳಿಯನ್ನು ತಡೆಯೋಕೆ ಓಡಿ ಹೋಗಿರುತ್ತಿದ್ದಳು, ವಾಪಸ್ ಬರುವಷ್ಟರಲ್ಲಿ ನಾಲ್ಕು ಸೆಕೆಂಡ್ ಹೋಗುತ್ತಿತ್ತು. ಯಾರು ಹತ್ತಿರವೋ ಅವರೇ ಎಸೆಯಿರಿ ಅಂದೆ. ಆಗ ಇಬ್ಬರು ಒಟ್ಟಿಗೆ ಚೆಂಡಿಗೆ ಬೀಳೋದು, ಇಲ್ಲ ಇಬ್ಬರೂ ಬಿಡೋದು. ಚೆಂಡು ಸೀದಾ ಕೋರ್ಟ್ ಹಿಂದಿನ ಚರಂಡಿಗೆ.

ಎರಡನೇ ತಪ್ಪು ನೋಡೋಕೆ ಚಿಕ್ಕದು. ನಮ್ಮ ಬುಟ್ಟಿಗಳ ನೆಟ್ ಹರಿದು ಎರಡು ದಾರ ನೇತಾಡುತ್ತಿತ್ತು. ಚೆಂಡು ಕಲ್ಲಿನ ಹಾಗೆ ಸೀದಾ ಬೀಳುತ್ತಿತ್ತು. ಅದರಲ್ಲೇ ಅಭ್ಯಾಸ ಮಾಡಿ ಮೂರು ಸೆಕೆಂಡಿಗೆ ಇಳಿಸಿದೆವು ಅಂತ ಬೀಗಿದೆ. ಟೂರ್ನಿಯಲ್ಲಿ ಹೊಸ ನೆಟ್ ಇತ್ತು. ಬಿಗಿಯಾದ ನೆಟ್ ಚೆಂಡನ್ನು ಒಂದು ಕ್ಷಣ ಹಿಡಿದು ಬಿಡುತ್ತದೆ. ನಮ್ಮವರು ಕೈ ಚಾಚಿದಾಗ ಚೆಂಡು ಇನ್ನೂ ಮೇಲೆ. ಬಂದಾಗ ಕೈ ಇಲ್ಲ. ಮುನ್ನೂರೈವತ್ತು ರೂಪಾಯಿಯ ಜೋಡಿ ನೆಟ್ ಉಳಿಸೋಕೆ ಹೋಗಿ ಒಂದು ಸೀಸನ್ ಕಳೆದುಕೊಂಡೆ. ಆ ಮ್ಯಾಚ್ ನಲವತ್ತು ಪಾಯಿಂಟ್ ಹತ್ತಿರ ಸೋತೆವು. ಚೆಂಡು ಎದುರಾಳಿಗೆ ಬಿಟ್ಟುಕೊಟ್ಟ ಟರ್ನೋವರ್ ಮೂವತ್ತು ದಾಟಿದ ಮೇಲೆ ಎಣಿಸೋದು ಬಿಟ್ಟೆ. ಇಬ್ಬರು ಅಪ್ಪಂದಿರು ಮಕ್ಕಳನ್ನು ಬೇರೆ ಕ್ಲಬ್‌ಗೆ ಸೇರಿಸಿದರು.

2018ರ ಕೊನೆಗೆ ಹದಿನೆಂಟರೊಳಗಿನವರ ಏಷ್ಯನ್ ಚಾಂಪಿಯನ್‌ಶಿಪ್ ಕೂಡ ಬೆಂಗಳೂರಿಗೇ ಬಂತು. ಫೈನಲ್‌ನಲ್ಲಿ ಚೀನಾ ಜಪಾನನ್ನು ಸೋಲಿಸಿತು. "ನೋಡಿದ್ರಾ, ಎತ್ತರ ಎತ್ತರವೇ" ಅಂತ ಒಬ್ಬ ಹಿರಿಯ ಕೋಚ್ ಗ್ಯಾಲರಿಯಲ್ಲೇ ನನ್ನ ಬೆನ್ನು ತಟ್ಟಿದರು. ಉತ್ತರ ಇರಲಿಲ್ಲ. ಆದರೆ ಮಂಡ್ಯದಲ್ಲಿ ಆರಡಿ ಹುಡುಗಿಯರನ್ನು ನಾನು ಎಲ್ಲಿಂದ ತರಲಿ? ಇರೋರಲ್ಲಿ ಹೆಚ್ಚಿನವರು ಐದಡಿ ಎರಡು, ಐದಡಿ ಮೂರು. ಅವರ ಮಾತು ನಿಜವಾದರೂ ನನ್ನ ಕೆಲಸಕ್ಕೆ ಬರಲ್ಲ.

ಈ ನಡುವೆ ಸುಮ್ನೆ ಕೆಲವು ಹುಚ್ಚು ಪ್ರಯೋಗ ಮಾಡಿದೆ. ಫೋನ್ ಅಲ್ಲಾಡದಂತೆ ಹಿಡಿಯುವ ಗಿಂಬಲ್‌ಗೆ ಆರು ಸಾವಿರ ಸುರಿದೆ. ನಮ್ಮ ಬಿಸಿಲಿಗೆ ಫೋನೇ ಕಾದು ಆರಿಹೋಗುತ್ತಿತ್ತು. ಬುಟ್ಟಿ ಬಿದ್ದ ತಕ್ಷಣ ಸೈಕಲ್ ಬೆಲ್ ಬಾರಿಸಿದೆ. ಹುಡುಗಿಯರು ಬೆಲ್ಲಿಗೆ ಓಡುತ್ತಿದ್ದರು, ಬುಟ್ಟಿಗಲ್ಲ. ಮ್ಯಾಚಲ್ಲಿ ಬೆಲ್ ಎಲ್ಲಿರುತ್ತದೆ? ಮೂರನೇ ಕ್ವಾರ್ಟರ್‌ನಲ್ಲಿ ಸುಸ್ತಾಗುತ್ತಾರೆ ಅಂತ ಬೆಲ್ಲ, ನಿಂಬೆ, ಉಪ್ಪಿನ ಪಾನಕ ಮಾಡಿಸಿದೆ. ಅದು ಮಾತ್ರ ಉಳಿದಿದೆ. ಸಮಯ ಕಡಿಮೆ ಆಯಿತು ಅಂತಲ್ಲ, ಅವರಿಗೆ ಇಷ್ಟ ಅಂತ.

ಕೋವಿಡ್‌ನಲ್ಲಿ ಕೋರ್ಟ್ ಮುಚ್ಚಿತ್ತು. 2021ರ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸ್ ನೋಡುತ್ತ ಕೂತೆ. ಜಪಾನ್ ಮಹಿಳೆಯರು ಬೆಳ್ಳಿ ಗೆದ್ದರು. ಫೈನಲ್‌ನಲ್ಲಿ ಅಮೆರಿಕದ ಎದುರು 90-75. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಅವರ ಗಾರ್ಡ್, ಅಂದರೆ ಚೆಂಡು ತಂದು ಆಟ ನಡೆಸುವ ರುಯಿ ಮಚಿದಾ, 18 ಅಸಿಸ್ಟ್ (ಬುಟ್ಟಿಗೆ ದಾರಿ ಮಾಡುವ ಪಾಸ್) ಕೊಟ್ಟಳು. ಅವಳ ಎತ್ತರ 162 ಸೆಂಟಿಮೀಟರ್. ನಮ್ಮ ಗುಂಪಿನಲ್ಲಿ ಅವಳಿಗಿಂತ ಎತ್ತರದವರು ನಾಲ್ವರಿದ್ದರು! ಆ ರಾತ್ರಿ ಬೆನ್ನು ತಟ್ಟಿದ್ದ ಕೋಚ್‌ಗೆ ಸ್ಕೋರ್ ಕಳಿಸಿದೆ. ಹೆಬ್ಬೆರಳು ಬಂತು, ಮಾತಿಲ್ಲ.

ನಿಜವಾಗಿ ತಿರುಗಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಹದಿನೆಂಟರೊಳಗಿನವರ ಏಷ್ಯನ್ ಟೂರ್ನಿ ಮತ್ತೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ. ಈ ಸಲ ಹನ್ನೆರಡು ಹುಡುಗಿಯರನ್ನೂ ಕರ್ಕೊಂಡು ಹೋಗೋಣ ಅಂದುಕೊಂಡೆ. ಟೆಂಪೋ ಟ್ರಾವೆಲರ್‌ಗೆ ಒಂಬತ್ತು ಸಾವಿರ ಕೇಳಿದರು. ಹಿಂದಿನ ವಾರವಷ್ಟೇ ರಾಮನಗರದ ಹತ್ತಿರ ಹೆದ್ದಾರಿಯೇ ಮುಳುಗಿತ್ತು, ಅಮ್ಮಂದಿರು ರಸ್ತೆಯಲ್ಲಿ ಬೇಡವೇ ಬೇಡ ಅಂದರು. ರೈಲಿನಲ್ಲಿ ಹೋದೆವು. ಚಿತ್ರಾನ್ನದ ಡಬ್ಬಿ ಸೇರಿಸಿದರೂ ಎರಡು ಸಾವಿರದೊಳಗೆ ಮುಗಿಯಿತು. ಬೆಂಗಳೂರಲ್ಲಿ ಹೊರವರ್ತುಲ ರಸ್ತೆ ಕೆರೆಯಾಗಿದ್ದ ವಾರ ಅದು. ಒದ್ದೆ ಬಟ್ಟೆಯಲ್ಲೇ ಗ್ಯಾಲರಿ ಹತ್ತಿದೆವು.

ಎರಡು ಸ್ಟಾಪ್‌ವಾಚನ್ನೂ ಹುಡುಗಿಯರ ಕೈಗೆ ಕೊಟ್ಟೆ. ಉಳಿದವರಿಗೆ ಫೋನ್. "ಚೆಂಡು ನೆಟ್ ಬಿಟ್ಟಾಗ ಒತ್ತಿ, ಒಳಗಿನವಳು ಹಿಡಿದಾಗ ನಿಲ್ಲಿಸಿ" ಅಂದೆ, ಅಷ್ಟೇ. ಮೊದಲ ಹತ್ತು ನಿಮಿಷ ನಗು, ಸೆಲ್ಫಿ. ಆಮೇಲೆ ಒಬ್ಬಳು ಕಿರುಚಿದಳು, "ಸಾರ್, ಬಟನ್ ಒತ್ತೋದರೊಳಗೆ ಆಗೋಯ್ತು!" ಐದು ವರ್ಷ ನಾನು ಹೇಳಿ ಹೇಳಿ ಸೋತಿದ್ದು ಅವಳ ಬೆರಳಿಗೆ ಅರ್ಥವಾಗಿತ್ತು. ವಾಪಸ್ ಬರುವ ರೈಲಿನಲ್ಲಿ ಯಾರು ಎಲ್ಲಿ ನಿಲ್ಲಬೇಕು ಅಂತ ಅವರೇ ಜಗಳ ಆಡಿಕೊಂಡರು. ಚಾಕ್‌ಪೀಸ್ ಇಲ್ಲ, ಕಡಲೆಕಾಯಿ ಸಿಪ್ಪೆ ಇಟ್ಟು ತೋರಿಸಿಕೊಂಡರು.

ಅಲ್ಲಿಂದ ಬೆಂಚಲ್ಲಿ ಕೂತವಳೇ ಗಡಿಯಾರ ಹಿಡಿಯುವ ಪದ್ಧತಿ ಮಾಡಿದೆ. ಬದಲಾಗಿ ಒಳಗೆ ಹೋಗುವವಳು ಹೊರಗೆ ಬಂದವಳಿಗೆ ಅದನ್ನು ಕೊಟ್ಟು ಹೋಗುತ್ತಾಳೆ. ಡಿಸೆಂಬರ್ ಹೊತ್ತಿಗೆ ಸರಾಸರಿ ಮೂರಕ್ಕಿಂತ ಸ್ವಲ್ಪ ಕಡಿಮೆ ಬಂತು. ಎರಡೂವರೆ ಇವತ್ತಿಗೂ ಮುಟ್ಟಿಲ್ಲ, ಸುಳ್ಳು ಹೇಳಲ್ಲ. ಚೆಂಡನ್ನು ಯಾರು ಎತ್ತಬೇಕು ಅನ್ನೋ ಗೊಂದಲಕ್ಕೆ ಒಂದು ಶಬ್ದ ಇಟ್ಟುಕೊಂಡಿದ್ದೇವೆ, ಎಸೆಯುವವಳ ಎಡಗಾಲಿಗೂ ಒಂದು ಗುಟ್ಟಿದೆ. ಅವೆರಡನ್ನೂ ಇಲ್ಲಿ ಬರೆಯಲ್ಲ. ನಿಮ್ಮಲ್ಲಿ ಕೆಲವರ ಟೀಮ್ ಜೊತೆ ನಾವು ಇನ್ನೂ ಆಡಬೇಕಲ್ವಾ?

2023ರಲ್ಲಿ ಒಂದು ದೊಡ್ಡ ತಂಡದ ಎದುರು ಆಡಿದೆವು. ಅವರ ಕೈಲಿ ಸಾಮಾನ್ಯವಾಗಿ ಮೂವತ್ತು ಪಾಯಿಂಟಿನಲ್ಲಿ ಸೋಲುತ್ತಿದ್ದೆವು. ಮೊದಲ ಕ್ವಾರ್ಟರ್‌ನಲ್ಲಿ ಅವರು ಬುಟ್ಟಿ ಹಾಕಿ ಕೈ ತಟ್ಟಿಕೊಳ್ಳುತ್ತಿದ್ದಾಗಲೇ ನಮ್ಮ ಗಾರ್ಡ್ ನಡುಗೆರೆ ದಾಟಿದ್ದಳು. ಹಾಗೆ ನಾಲ್ಕು ಲೇ-ಅಪ್ ಬಂದವು. ಅವರ ಕೋಚ್ ಟೈಮ್‌ಔಟ್ ತಗೊಂಡು ಪ್ರೆಸ್ ಬಿಡಿಸಿದರು. ನಮ್ಮ ಎದುರು ಯಾರಾದರೂ ಪ್ರೆಸ್ ಬಿಟ್ಟಿದ್ದು ಅದೇ ಮೊದಲು. ಕೊನೆಗೆ ನಾಲ್ಕೇ ಪಾಯಿಂಟ್‌ನಲ್ಲಿ ಗೆದ್ದೆವು. ರೀಬೌಂಡ್‌ನಲ್ಲಿ ಚೆನ್ನಾಗಿ ಒದೆ ತಿಂದೆವು, ಅದು ಬೇರೆ ಮಾತು. ಬುಟ್ಟಿ ಬಿದ್ದಾಗ ನಾವು ಜೋರು. ಬೀಳದೆ ಹಾರಿದ ಚೆಂಡು ಮಾತ್ರ ಇನ್ನೂ ಉದ್ದ ಕೈಯವರ ಪಾಲು.

ಈಗ ಹುಡುಗರ ಕ್ಲಾಸಿನಲ್ಲೂ ಇದನ್ನು ಶುರು ಮಾಡಿದ್ದೇನೆ. ಹುಡುಗಿಯರಷ್ಟು ಬೇಗ ಹಿಡಿಯುತ್ತಿಲ್ಲ. ಬುಟ್ಟಿ ಬಿದ್ದರೆ ಮೊದಲು ರೆಫರಿ ಮುಖ ನೋಡುತ್ತಾರೆ, ಆಮೇಲೆ ಚೆಂಡು. ಒಂದು ಸ್ಟಾಪ್‌ವಾಚನ್ನು ಆಗಲೇ ಚರಂಡಿಗೆ ಬೀಳಿಸಿದ್ದಾರೆ. ಹೊಸದಕ್ಕೆ ಅಂಗಡಿಯವನು ಆರುನೂರು ಹೇಳುತ್ತಿದ್ದಾನೆ.