ಕಿವಿಯಿಂದ ಬಂದ ಗಾಯ

ನಾನು ತುರ್ತು ಕರೆಗಳನ್ನು ಸ್ವೀಕರಿಸುವ ಕೆಲಸದಲ್ಲಿದ್ದೇನೆ. ಸ್ಥಳಕ್ಕೆ ಧಾವಿಸುವವರು ಬೇರೆ. ನಮ್ಮ ಪಾಲಿಗೆ ಬರುವುದು ದನಿ ಮಾತ್ರ. ಹಾಗಾಗಿಯೇ ನನಗೇನೋ ಆಗಿದೆ ಎಂದು ಒಪ್ಪಿಕೊಳ್ಳಲು ಏಳು ತಿಂಗಳು ಹಿಡಿಯಿತು. ರಕ್ತ ಕಂಡವರು, ಶವ ಎತ್ತಿದವರು ಮರುದಿನ ಕೆಲಸಕ್ಕೆ ಬರುತ್ತಿರುವಾಗ, ಕುರ್ಚಿಯಲ್ಲಿ ಕುಳಿತು ಮಾತನಾಡಿದ ನಾನು ಯಾವ ಬಾಯಿಯಿಂದ ‘ನೊಂದಿದ್ದೇನೆ’ ಎನ್ನಲಿ?

ಆ ಕರೆ ಒಬ್ಬ ತಾಯಿಯದು. ಮಗು ಉಸಿರಾಡುತ್ತಿರಲಿಲ್ಲ. ವಿಳಾಸ ಕೇಳಿ ಆಂಬುಲೆನ್ಸ್ ಕಳುಹಿಸಿದೆ. ಎದೆ ಒತ್ತುವುದನ್ನು ಹೇಳಿಕೊಡುತ್ತಾ ಅವರೊಂದಿಗೆ ಗಟ್ಟಿಯಾಗಿ ಎಣಿಸಿದೆ. ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಆ ಲಯ ತಪ್ಪದಿರಲೆಂದೇ ನಾವು ಎಣಿಸುವುದು. ಸಿಬ್ಬಂದಿ ಒಳಗೆ ಬಂದ ಸದ್ದು ಕೇಳಿಸಿತು, ಫೋನ್ ನೆಲಕ್ಕೆ ಬಿತ್ತು, ಕರೆ ಕಡಿದುಹೋಯಿತು. ಮುಂದೇನಾಯಿತೆಂದು ನಮಗೆ ತಿಳಿಯುವುದು ಅಪರೂಪ. ಮರುಕ್ಷಣವೇ ಇನ್ನೊಂದು ಕರೆ ಬಂತು. ತೆಗೆದುಕೊಂಡೆ.

ಆಮೇಲೆ ನಡುರಾತ್ರಿ ಎಣಿಸುತ್ತಲೇ ಎಚ್ಚರಗೊಳ್ಳತೊಡಗಿದೆ. ಫೋನ್ ರಿಂಗಾದರೆ ಅಂಗೈ ಬೆವರುತ್ತಿತ್ತು. ಮಲಗಿದ ಮಗಳ ಮೂಗಿನ ಬಳಿ ಬೆರಳು ಹಿಡಿದು ಉಸಿರು ನೋಡುವುದು ರಾತ್ರಿಗೆ ಒಂದು ಸಲದಿಂದ ಹತ್ತು ಸಲಕ್ಕೆ ಏರಿತು.

ಮೇಲಧಿಕಾರಿಗಳು ಕೈಕಟ್ಟಿ ಕುಳಿತಿರಲಿಲ್ಲ. ಮರುದಿನವೇ ಇಡೀ ಪಾಳಿಯವರನ್ನು ಕೂರಿಸಿ ಒಬ್ಬೊಬ್ಬರಿಂದಲೂ ನಡೆದದ್ದನ್ನು ಹೇಳಿಸಿದರು. ಉದ್ದೇಶ ಒಳ್ಳೆಯದೇ. ಆದರೆ ನನಗೆ ಅಂದಿನ ರಾತ್ರಿ ಇನ್ನಷ್ಟು ಕೆಟ್ಟದಾಯಿತು. ಆಘಾತಕ್ಕೊಳಗಾದವರಿಗೆ ಇಂಥ ‘ಡಿಬ್ರೀಫಿಂಗ್’ ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ ಎಂಬುದು ಬಹಳ ತಡವಾಗಿ ತಿಳಿಯಿತು.

ನನ್ನನ್ನು ಹಿಡಿದು ನಿಲ್ಲಿಸಿದವರು ಪಕ್ಕದ ಸಾಲಿನ ಹಿರಿಯ ಸಹೋದ್ಯೋಗಿ. ಸಹೋದ್ಯೋಗಿಗಳಿಗೆ ಆಸರೆಯಾಗುವ ತರಬೇತಿ ಪಡೆದವರು. ಪಾಳಿ ಮುಗಿದ ಮೇಲೆ ಹತ್ತಿರ ಬಂದು, “ನಿಮಗೆ ಯಾವ ಕರೆ?” ಎಂದಷ್ಟೇ ಕೇಳಿದರು. ‘ಏನಾಗಿದೆ’ ಎಂದಿದ್ದರೆ ‘ಏನಿಲ್ಲ’ ಎನ್ನುತ್ತಿದ್ದೆ. ಅವರಿಗೂ ಒಂದು ಕರೆ ಇತ್ತು, ಹದಿನಾಲ್ಕು ವರ್ಷ ಹಳೆಯದು. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ, ಡಿಎಸ್‌ಎಂ-5, ಕೆಲಸದ ಭಾಗವಾಗಿ ದುರಂತಗಳ ವಿವರಗಳನ್ನು ಮತ್ತೆ ಮತ್ತೆ ಎದುರಿಸುವುದರಿಂದಲೂ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಬಹುಕಾಲ ಕಾಡುವ ಮಾನಸಿಕ ಕಾಯಿಲೆ, ಬರಬಹುದೆಂದು ಪರಿಗಣಿಸುತ್ತದೆ ಎಂದು ಹೇಳಿದವರೂ ಅವರೇ. ಆ ಒಂದು ಸಾಲು ನನಗೆ ನೋಯಲು ಅನುಮತಿ ಕೊಟ್ಟಂತಾಯಿತು.

ಮನಶ್ಶಾಸ್ತ್ರಜ್ಞೆಯ ಬಳಿ ಮೊದಲ ದಿನ ಅವರೇ ಜೊತೆಗೆ ಬಂದು ಹೊರಗೆ ಕಾದಿದ್ದರು. ವಾರಕ್ಕೊಂದು ಭೇಟಿ, ತೊಂಬತ್ತು ನಿಮಿಷ. ಕಣ್ಣು ಮುಚ್ಚಿ ಆ ಕರೆಯನ್ನು ಈಗ ನಡೆಯುತ್ತಿರುವಂತೆ, ವರ್ತಮಾನದಲ್ಲಿ, ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ಮುಗಿದರೆ ಮತ್ತೆ ಮೊದಲಿನಿಂದ. ಸಂಕಟ ಎಷ್ಟಿದೆಯೆಂದು ನಡುನಡುವೆ ಸೊನ್ನೆಯಿಂದ ನೂರರೊಳಗೆ ಅಂಕ ಕೊಡಬೇಕು. ಅದನ್ನು ಧ್ವನಿಮುದ್ರಿಸಿಕೊಂಡು ಮನೆಯಲ್ಲಿ ದಿನವೂ ಕೇಳಬೇಕು. ಕಿವಿಯಿಂದ ಗಾಯಗೊಂಡವರಿಗೆ ಕಿವಿಯಿಂದಲೇ ಔಷಧ! ಮೊದಲ ಮೂರು ವಾರ ನರಕವಾಗಿತ್ತು, ಬಿಟ್ಟುಬಿಡುತ್ತೇನೆಂದು ಎರಡು ಸಲ ಹೇಳಿದೆ. ಬಿಡದಿದ್ದುದಕ್ಕೆ ಕಾರಣ ನನ್ನ ಧೈರ್ಯವಲ್ಲ, “ನಾಲ್ಕನೆಯ ವಾರದವರೆಗೆ ನೋಡಿ” ಎಂದು ಪ್ರತಿ ಭೇಟಿಯ ಸಂಜೆ ಫೋನ್ ಮಾಡುತ್ತಿದ್ದ ಆ ಸಹೋದ್ಯೋಗಿ.

ಐದನೆಯ ವಾರವೋ ಆರನೆಯದೋ, ಹೇಳುತ್ತಾ ಹೇಳುತ್ತಾ ಒಂದು ಕಡೆ ನಿಂತೆ. ವಿಳಾಸ ಕೇಳುವುದರಲ್ಲಿ ಸಮಯ ಹಾಳುಮಾಡಿದೆ, ಅದಕ್ಕೇ ಮಗುವಿಗೆ ಹಾಗಾಯಿತು ಎಂಬುದು ನಾನು ತಿಂಗಳುಗಟ್ಟಲೆ ಹೊತ್ತಿದ್ದ ಭಾರ. “ವಿಳಾಸ ಕೇಳದೇ ಇದ್ದಿದ್ದರೆ ಆಂಬುಲೆನ್ಸ್ ಎಲ್ಲಿಗೆ ಹೋಗುತ್ತಿತ್ತು?” ಎಂದು ಮನಶ್ಶಾಸ್ತ್ರಜ್ಞೆ ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಹೊಸಬರಿಗೆ ನಾನೇ ಅದನ್ನು ಕಲಿಸಿದ್ದೇನೆ. ಅಂದು ಬಹಳ ಹೊತ್ತು ಅತ್ತೆ. ನೂರರಲ್ಲಿದ್ದ ಅಂಕ ಅದಾದ ಮೇಲೆ ನಲವತ್ತು ದಾಟಲಿಲ್ಲ.

ಹದಿನೈದು ದಿನಕ್ಕೊಮ್ಮೆ, ಇಂಥ ಕರೆಗಳಿಂದ ನೊಂದ ನಾವು ಆರು ಮಂದಿ ಒಟ್ಟಿಗೆ ಕೂರುತ್ತೇವೆ. ಅಲ್ಲಿ ಕರೆಯ ವಿವರ ಹೇಳುವಂತಿಲ್ಲ. ಒಬ್ಬರ ದೃಶ್ಯ ಇನ್ನೊಬ್ಬರ ನಿದ್ದೆ ಕೆಡಿಸಬಾರದು. ಕೇಳದ ಹೊರತು ಸಲಹೆಯೂ ಇಲ್ಲ. ಆಡಿದ ಮಾತು ಹೊರಗೆ ಹೋಗದು, ಯಾರದ್ದಾದರೂ ಪ್ರಾಣಕ್ಕೆ ಅಪಾಯವಿದೆ ಎನಿಸಿದಾಗ ಮಾತ್ರ ಆ ನಿಯಮ ಸಡಿಲವಾಗುತ್ತದೆ. ಗಾಯ ಬಿಡಿಸಿ ನೋಡುವುದು ಚಿಕಿತ್ಸಕರ ಕೋಣೆಯಲ್ಲಿ. ಗಾಯವಿದ್ದೂ ಬದುಕುವುದು ಹೇಗೆಂದು ಮಾತನಾಡುವುದು ಇಲ್ಲಿ. ಎರಡನ್ನೂ ಒಂದೇ ಕಡೆ ಮಾಡಲು ಹೋಗಿ ಒಡೆದುಹೋದ ಗುಂಪನ್ನು ನಾನು ಕಂಡಿದ್ದೇನೆ.

ಕೆಲಸಕ್ಕೆ ಮರಳಿದ್ದು ಅರ್ಧ ಪಾಳಿಯಿಂದ. ಮೊದಲ ಆರು ವಾರ ಇನ್ನೊಬ್ಬರು ಹೆಡ್‌ಫೋನ್ ಹಾಕಿಕೊಂಡು ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಮಗುವಿನ ಕರೆ ಬಂದ ದಿನ ಈಗಲೂ ಕೈ ತಣ್ಣಗಾಗುತ್ತದೆ. ವಿಳಾಸ ಕೇಳುತ್ತೇನೆ, ಎಣಿಸುತ್ತೇನೆ. ಕರೆ ಮುಗಿದ ಮೇಲೆ ಹೆಡ್‌ಫೋನ್ ತೆಗೆದು, ಹತ್ತು ನಿಮಿಷ ಬೇಕೆಂದು ಮೇಲ್ವಿಚಾರಕರಿಗೆ ಹೇಳಿ ಎದ್ದುಹೋಗುತ್ತೇನೆ.