ವಿಶೇಷ ಮಕ್ಕಳಿಗೆ ಕೋಲಾಟ ಕಲಿಸಿದ ಬಗೆ

ವಿಶೇಷ ಮಕ್ಕಳಿಗೆ ಜನಪದ ಕುಣಿತ ಕಲಿಸಲು ಹೊರಟಾಗ ನಾನು ಆರಿಸಿಕೊಂಡಿದ್ದು ಕೋಲಾಟ. ಕಂಸಾಳೆ ಬಲು ಚೆಂದ, ಆದರೆ ಬಗ್ಗುವುದು, ಹಾರುವುದು ಜಾಸ್ತಿ. ಡೊಳ್ಳು ಹೆಗಲಿಗೆ ಹಾಕಿಕೊಂಡು ಕುಣಿದರೆ ದೊಡ್ಡವರೇ ಸುಸ್ತಾಗುತ್ತಾರೆ. ಕೋಲಿಗೆ ಕೋಲು ತಾಗಿದ್ದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ, ಅಂಗೈಗೂ ಗೊತ್ತಾಗುತ್ತದೆ. ಒಂದು ದಾರಿ ಇಲ್ಲದ ಮಗುವಿಗೆ ಇನ್ನೊಂದು ಇದ್ದೇ ಇರುತ್ತದೆ.

ಮೊದಲು ಹೆಜ್ಜೆಯ ಸುದ್ದಿಗೇ ಹೋಗುವುದಿಲ್ಲ. ಎಲ್ಲರೂ ಸುತ್ತ ಕೂತು ನಾಲ್ಕು ಪೆಟ್ಟಿನ ಗತ್ತು ಹಾಕುತ್ತೇವೆ. ಒಂದು ನೆಲಕ್ಕೆ, ಒಂದು ತನ್ನದೇ ಕೋಲಿಗೆ, ಎರಡು ಜೊತೆಯವರ ಕೋಲಿಗೆ. ಅದು ಕೈಗೆ ಕೂತ ಮೇಲೆಯೇ ಎದ್ದು ನಿಲ್ಲುವುದು. ಎಡ, ಬಲ ಅಂತ ಕೂಗಿದರೆ ಕೆಲವರಿಗೆ ಗಲಿಬಿಲಿ ಆಗುತ್ತದೆ. ಹಾಗಾಗಿ ಬಲಗೈ ಕೋಲಿಗೆ ಕೆಂಪು ಬಟ್ಟೆ ಸುತ್ತಿ, "ಕೆಂಪು" ಅನ್ನುತ್ತೇನೆ. ನಿಧಾನವಾಗಿ ಕಲಿಯುವ ಮಕ್ಕಳಿಗೆ ಅದೇ ಹಾಡು, ಅದೇ ಜೋಡಿ, ಅದೇ ಜಾಗ. ದಿನಕ್ಕೊಂದು ಹೊಸದು ಸಾಕು.

ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಇರುವ ಮಕ್ಕಳ ಕೈಯಿಂದ ತೆಳ್ಳನೆಯ ಕೋಲು ಜಾರುತ್ತಿತ್ತು. ಹಿಡಿಯುವ ಜಾಗಕ್ಕೆ ಸ್ಪಂಜು ಸುತ್ತಿ ದಪ್ಪ ಮಾಡಿದೆ, ಅಂಗೈಗೆ ವೆಲ್ಕ್ರೋ ಪಟ್ಟಿ ಕಟ್ಟಿದೆ. ತಾಳ ಇಳಿಸಿದೆ. ಅವಸರ ಮಾಡಿದರೆ ಅವರ ಮೈ ಇನ್ನೂ ಬಿಗಿಯಾಗುತ್ತದೆ.

ಕಿವಿ ಕೇಳಿಸದ ಒಬ್ಬ ಹುಡುಗಿ ಇದ್ದಳು. ಪಕ್ಕದವರ ಕೈ ನೋಡಿ ಹೊಡೆಯುತ್ತಿದ್ದಳು, ಪ್ರತಿ ಪೆಟ್ಟೂ ಒಂದು ಕೂದಲೆಳೆ ತಡ. ಸಿಮೆಂಟು ನೆಲದಲ್ಲಿ ನಡುಕ ಹರಿಯುವುದು ಕಡಿಮೆ. ಅದಕ್ಕೇ ಮರದ ಹಲಗೆ ಹಾಸಿ, ಅದರ ಮೇಲೆ ಡೊಳ್ಳು ಇಟ್ಟು ಬಾರಿಸಿದೆವು. ಮಕ್ಕಳೆಲ್ಲ ಬರಿಗಾಲಲ್ಲಿ ನಿಂತರು. ಆಕೆ ಮೊದಲು ಕಾಲಿನತ್ತ ನೋಡಿದಳು. ಆಮೇಲೆ ಡೊಳ್ಳಿನ ಚರ್ಮದ ಮೇಲೆ ಅಂಗೈ ಇಟ್ಟಳು. ಕೆಲವು ದಿನಗಳಲ್ಲಿ ಕೈ ನೋಡುವುದೇ ಬಿಟ್ಟು ಜೋಡಿಯ ಮುಖ ನೋಡಿ ಆಡತೊಡಗಿದಳು. ಪೆಟ್ಟು ಸರಿಯಾಗಿ ಬೀಳುತ್ತಿತ್ತು.

ವೀಲ್‌ಚೇರ್ ಮಕ್ಕಳನ್ನು ಮೂಲೆಯಲ್ಲಿ ಕೂರಿಸಿ ಸುಮ್ನೆ ಚಪ್ಪಾಳೆ ಹೊಡೆಸುವುದು ನನಗೆ ಸುತರಾಂ ಇಷ್ಟವಿಲ್ಲ. ಎರಡು ಕೈಯಲ್ಲೂ ಕೋಲಿದ್ದರೆ ಚಕ್ರ ತಿರುಗಿಸುವುದು ಹೇಗೆ? ಅದಕ್ಕೆ ಕೋಲಾಟದಲ್ಲೇ ಉತ್ತರವಿದೆ. ಒಳಸುತ್ತು, ಹೊರಸುತ್ತು ಮಾಡುತ್ತೇವೆ. ಒಳಸುತ್ತಿನವರೆಲ್ಲ, ನಿಂತವರೂ ಸೇರಿ, ತಮ್ಮ ಜಾಗದಲ್ಲೇ ಇರುತ್ತಾರೆ. ಕುರ್ಚಿಗೆ ಬ್ರೇಕ್ ಹಾಕಿರುತ್ತದೆ. ಹೊರಸುತ್ತು ಸರಿಯುತ್ತಾ ಹೋದಂತೆ ಪ್ರತಿ ಸಲ ಹೊಸ ಜೋಡಿ ಎದುರಿಗೆ ಬರುತ್ತದೆ.

ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಿಗೆ ಕತ್ತಿನ ಮೇಲ್ಭಾಗದ ಕೀಲು ಸಡಿಲವಿರುತ್ತದೆ. ಡಾಕ್ಟರನ್ನು ಕೇಳದೆ ನಾನು ಶುರು ಮಾಡುವುದಿಲ್ಲ. ಕತ್ತು ಜಾಡಿಸುವ ಕುಣಿತ, ಲಾಗ ಯಾವುದೂ ಇಲ್ಲ. ಆಟಿಸಂ ಇರುವ ಮಕ್ಕಳಿಗೆ ಕೋಲಿನ ಸದ್ದು ಜಾಸ್ತಿ ಅನ್ನಿಸಿದರೆ ಎಲ್ಲರ ಕೋಲಿಗೂ ಬಟ್ಟೆ ಸುತ್ತುತ್ತೇವೆ.

ಕಾರ್ಯಕ್ರಮಕ್ಕೆ ಕರೆದವರಿಗೆ ಮೊದಲೇ ಹೇಳಿಬಿಡುತ್ತೇನೆ: ಎಲ್ಲರ ನಡುವೆಯೇ ನಮಗೂ ಸಮಯ ಕೊಡಿ, ಬೇರೆ ದಿನ ಬೇಡ. ಸಾಂಸ್ಕೃತಿಕ ಬದುಕಿನಲ್ಲಿ ಸರಿಸಮ ಪಾಲು ಇವರ ಹಕ್ಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ವೇದಿಕೆಗೆ ಇಳಿಜಾರು ಇಲ್ಲದೆ ಬರೀ ಮೆಟ್ಟಿಲಿದ್ದರೆ ಕೆಳಗೆ, ಜನರ ನಡುವೆಯೇ ಆಡುತ್ತೇವೆ. ಕೋಲಾಟ ಮೊದಲಿನಿಂದಲೂ ಬಯಲಲ್ಲೇ ಆಡುತ್ತಾ ಬಂದದ್ದು ಅಲ್ವಾ?