ಕನ್ನಡದ ದಾರಿಯಿಂದಲೇ ಇಂಗ್ಲಿಷ್ ವ್ಯಾಕರಣ: ಐಇಎಲ್‌ಟಿಎಸ್ ಪರೀಕ್ಷೆಗೆ ನಾನು ಮಾಡಿಕೊಂಡ ತಯಾರಿ

ಇಂಗ್ಲಿಷ್ ಭಾಷಾ ಸಾಮರ್ಥ್ಯವನ್ನು ಅಳೆಯುವ ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಯನ್ನು ಮೊದಲ ಸಲ ಬರೆದಾಗ ನನಗೆ ಆಲಿಸುವಿಕೆಯಲ್ಲಿ 7.5, ಓದಿನಲ್ಲಿ 7, ಮಾತಿನಲ್ಲಿ 7, ಬರವಣಿಗೆಯಲ್ಲಿ 6 ಬಂದಿತ್ತು. ನಾಲ್ಕರ ಸರಾಸರಿ 6.875 ಆಗುತ್ತದೆ, ಅದನ್ನು ಹತ್ತಿರದ ಅರ್ಧಕ್ಕೆ ಸರಿಹೊಂದಿಸುವ ನಿಯಮದಂತೆ ಒಟ್ಟು ಬ್ಯಾಂಡ್ (ಅಂಕದ ಮಟ್ಟ) 7 ಎಂದೇ ಮುದ್ರಿತವಾಗಿತ್ತು. ಆದರೆ ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಅಲ್ಲಿ ದಾದಿಯಾಗಿ ಕೆಲಸ ಮಾಡಲು ಬೇಕಾದ ನೋಂದಣಿಗೆ ಕೇಳುವುದು ಒಟ್ಟು 7 ಮಾತ್ರವಲ್ಲ. ಓದು, ಆಲಿಸುವಿಕೆ, ಮಾತು ಈ ಮೂರರಲ್ಲೂ ತಲಾ 7 ಮತ್ತು ಬರವಣಿಗೆಯಲ್ಲಿ ಕನಿಷ್ಠ 6.5 ಇರಬೇಕು. ನನಗೆ ಅರ್ಧ ಬ್ಯಾಂಡ್ ಕಡಿಮೆ ಬಿದ್ದಿತು. ಆ ಅರ್ಧ ಬ್ಯಾಂಡಿಗಾಗಿ ಐದು ತಿಂಗಳು ಏನು ಮಾಡಿದೆ ಎಂಬುದನ್ನು, ನನ್ನಂತೆ ಕನ್ನಡ ಮಾಧ್ಯಮದಲ್ಲಿ ಓದಿ ಈ ಪರೀಕ್ಷೆಗೆ ಕುಳಿತುಕೊಳ್ಳುವವರಿಗಾಗಿ ಬರೆಯುತ್ತಿದ್ದೇನೆ.

ನಾನು ಏಳನೆಯ ತರಗತಿಯವರೆಗೆ ಕಲಿತದ್ದು ಮುಂಬಯಿ ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ಕನ್ನಡ, ಅಕ್ಕಪಕ್ಕದಲ್ಲಿ ಮರಾಠಿ, ವಾರ್ಡಿನಲ್ಲಿ ರೋಗಿಗಳೊಂದಿಗೆ ಹಿಂದಿ, ಕಾಗದದ ಮೇಲೆ ಮಾತ್ರ ಇಂಗ್ಲಿಷ್. ಪರೇಲಿನ ಒಂದು ಆಸ್ಪತ್ರೆಯಲ್ಲಿ ದಾದಿಯಾಗಿ ಹತ್ತು ವರ್ಷಗಳಿಂದ ನನ್ನ ದಿನಚರಿ ಹೀಗೆಯೇ ಸಾಗಿದೆ. ಇಂಗ್ಲಿಷ್ ಬರುವುದಿಲ್ಲ ಎಂಬ ಸ್ಥಿತಿ ನನ್ನದಾಗಿರಲಿಲ್ಲ. ಬರುತ್ತದೆ ಎಂದು ನಂಬಿದ್ದ ಇಂಗ್ಲಿಷಿನಲ್ಲಿ ಎಲ್ಲೆಲ್ಲಿ ತಪ್ಪಿದೆಯೆಂಬುದು ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲ.

ಮೊದಲ ಪರೀಕ್ಷೆಗೆ ಮುಂಚೆ ಒಂದು ತರಬೇತಿ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿ ದೊಡ್ಡ ದೊಡ್ಡ ಪದಗಳ ಪಟ್ಟಿಯನ್ನೂ ಯಾವ ವಿಷಯಕ್ಕಾದರೂ ಹೊಂದುವಂತಹ ಸಿದ್ಧ ಪೀಠಿಕೆಗಳನ್ನೂ ಬಾಯಿಪಾಠ ಮಾಡಿಸಿದರು. ‘ಪ್ಲೆಥೊರಾ’ (ಹೇರಳ) ಎಂಬ ಪದವನ್ನು ಪ್ರತಿ ಪ್ರಬಂಧದಲ್ಲೂ ತುರುಕುತ್ತಿದ್ದೆ. ಅಂಕ ಬಂದ ಮೇಲೆ, ಬರವಣಿಗೆಯನ್ನು ಅಳೆಯುವ ಮಾನದಂಡಗಳನ್ನು ಪರೀಕ್ಷಾ ಸಂಸ್ಥೆಯೇ ಎಲ್ಲರಿಗೂ ಸಿಗುವಂತೆ ಇಟ್ಟಿದೆಯೆಂದು ತಿಳಿದು, ಒಂದು ಭಾನುವಾರ ಕುಳಿತು ಪೂರ್ತಿ ಓದಿದೆ. ಪ್ರಶ್ನೆಗೆ ಸರಿಯಾದ ಉತ್ತರ, ವಿಚಾರಗಳ ಜೋಡಣೆ, ಪದಸಂಪತ್ತು, ವ್ಯಾಕರಣದ ವೈವಿಧ್ಯ ಮತ್ತು ಶುದ್ಧಿ ಎಂಬ ನಾಲ್ಕಕ್ಕೂ ಸಮನಾದ ತೂಕವಿದೆ. ವ್ಯಾಕರಣದ ಸಾಲಿನಲ್ಲಿ 6ನೆಯ ಬ್ಯಾಂಡಿಗೆ ಸರಳ ಮತ್ತು ಸಂಕೀರ್ಣ ವಾಕ್ಯಗಳ ಮಿಶ್ರಣವಿದ್ದು, ತಪ್ಪುಗಳಿದ್ದರೂ ಅರ್ಥಕ್ಕೆ ಹೆಚ್ಚು ಧಕ್ಕೆಯಾಗದಿದ್ದರೆ ಸಾಕು. 7ನೆಯ ಬ್ಯಾಂಡಿಗೆ ಒಂದೂ ತಪ್ಪಿಲ್ಲದ ವಾಕ್ಯಗಳು ಮೇಲಿಂದ ಮೇಲೆ ಕಾಣಿಸಿಕೊಳ್ಳಬೇಕು. ನನ್ನ ಹಳೆಯ ಪ್ರಬಂಧಗಳನ್ನು ತೆಗೆದು ನೋಡಿದರೆ ಒಂದು ಪುಟದಲ್ಲಿ ಅಂತಹ ವಾಕ್ಯ ಎರಡೋ ಮೂರೋ ಇರುತ್ತಿದ್ದವು. ನನಗೆ ಬೇಕಿದ್ದದ್ದು ಹೊಸ ಪದಗಳಲ್ಲ, ತಪ್ಪಿಲ್ಲದ ವಾಕ್ಯಗಳು.

ಆದರೆ ನನ್ನ ತಪ್ಪು ನನಗೇ ಕಾಣುವಂತಿದ್ದರೆ ನಾನು ಅದನ್ನು ಬರೆಯುತ್ತಲೇ ಇರಲಿಲ್ಲ. ಹಾಗಾಗಿ ಸಯನ್‌ನಲ್ಲಿರುವ ನಮ್ಮ ಶಾಲೆಯ ನಿವೃತ್ತ ಟೀಚರ್ ಬಳಿಗೆ ಹೋದೆ. ಅವರು ನಮಗೆ ಕನ್ನಡವನ್ನೂ ಇಂಗ್ಲಿಷನ್ನೂ ಕಲಿಸಿದವರು. ನನ್ನ ಮೊದಲ ಪ್ರಬಂಧವನ್ನು ಅವರು ತಿದ್ದಲಿಲ್ಲ. ‘ಪೇಶಂಟ್ ಶುಡ್ ಟ್ರಸ್ಟ್ ಡಾಕ್ಟರ್’ ಎಂದು ನಾನು ಬರೆದಿದ್ದ ಕಡೆ ಬೆರಳಿಟ್ಟು, “ಈ ಪೇಶಂಟ್ ಯಾರಮ್ಮ? ನನಗೆ ಗೊತ್ತಿರುವವರೋ, ಗೊತ್ತಿಲ್ಲದವರೋ, ಇಲ್ಲಾ ಲೋಕದಲ್ಲಿರುವ ರೋಗಿಗಳೆಲ್ಲರೂ ಸೇರಿಯೋ?” ಎಂದು ಕೇಳಿದರು. “ಎಲ್ಲರೂ ಟೀಚರ್” ಎಂದೆ. “ಹಾಗಾದರೆ ನೀನು ಅದನ್ನು ಎಲ್ಲಿ ಹೇಳಿದ್ದೀ?” ಎಂದರು. ಉತ್ತರ ‘ಪೇಶಂಟ್ಸ್ ಶುಡ್ ಟ್ರಸ್ಟ್ ದೇರ್ ಡಾಕ್ಟರ್ಸ್’ ಎಂದಾಗಬೇಕಿತ್ತು. ಮುಂದಿನ ಐದು ತಿಂಗಳು ನಾನು ಬರೆದ ಪ್ರತಿಯೊಂದು ನಾಮಪದಕ್ಕೂ ಅವರ ಅದೇ ಪ್ರಶ್ನೆಯನ್ನು ಕೇಳಿಕೊಂಡೆ.

‘ಎ’, ‘ಆ್ಯನ್’, ‘ದ’ ಎಂಬ ಉಪಪದಗಳು ಕನ್ನಡದಲ್ಲಿ ಇಲ್ಲ, ಆದ್ದರಿಂದ ನಮಗೆ ಅವು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಇದು ಅರ್ಧ ಸತ್ಯವಷ್ಟೇ ಎಂದು ಟೀಚರ್ ತೋರಿಸಿಕೊಟ್ಟರು. ಮನೆಮಾತಿನಲ್ಲಿ ‘ಮಾತ್ರೆ ಕೊಟ್ಟೆ’ ಎಂದರೆ ಯಾವುದೋ ಮಾತ್ರೆ. ‘ಮಾತ್ರೆಯನ್ನು ಕೊಟ್ಟೆ’ ಎಂದರೆ ಈಗಾಗಲೇ ಮಾತಿನಲ್ಲಿ ಬಂದಿರುವ, ಕೇಳುವವರಿಗೂ ಗೊತ್ತಿರುವ ಮಾತ್ರೆ. ಇಂಗ್ಲಿಷ್ ‘ದ’ ಇಟ್ಟು ಮಾಡುವ ಕೆಲಸದ ಒಂದು ಪಾಲನ್ನು ನಮ್ಮಲ್ಲಿ ದ್ವಿತೀಯಾ ವಿಭಕ್ತಿಯ ‘ಅನ್ನು’ ಮಾಡುತ್ತದೆ. ಗ್ರಾಂಥಿಕ ಬರಹದಲ್ಲಿ ಈ ವ್ಯತ್ಯಾಸ ಮಸುಕಾಗಿದ್ದರೂ ಆಡುಮಾತಿನಲ್ಲಿ ನಾವು ತಪ್ಪುವುದಿಲ್ಲ. ಅಂದರೆ ಗೊತ್ತಿರುವ ವಸ್ತು, ಗೊತ್ತಿಲ್ಲದ ವಸ್ತು ಎಂಬ ವಿವೇಚನೆ ನಮ್ಮ ನಾಲಗೆಯಲ್ಲಿ ಮೊದಲಿನಿಂದಲೂ ಇದೆ. ಅದನ್ನು ಬೇರೆ ಜಾಗದಲ್ಲಿ ಇಟ್ಟು ತೋರಿಸುವುದನ್ನಷ್ಟೇ ಕಲಿಯಬೇಕು. ಅಲ್ಲಿಂದ ಮುಂದೆ ನಾಮಪದಕ್ಕೆ ಮೊದಲು ‘ಆ’ ಇಟ್ಟು ಓದುವುದು, ಒಪ್ಪಿದರೆ ‘ದ’ ಹಾಕುವುದು. ‘ಯಾವುದೋ ಒಂದು’ ಅಥವಾ ‘ಯಾರೋ ಒಬ್ಬ’ ಒಪ್ಪಿದರೆ ‘ಎ’ ಹಾಕುವುದು. ಎರಡೂ ಒಪ್ಪದೆ ಇಡೀ ಜಾತಿಯನ್ನೇ ಹೇಳುತ್ತಿದ್ದರೆ ಬಹುವಚನ ಮಾಡಿ ಬರಿದೆ ಬಿಡುವುದು ನನ್ನ ರೂಢಿಯಾಯಿತು. ಎಲ್ಲ ಸಂದರ್ಭಗಳಿಗೂ ಇದು ಸಾಲದು: ‘ದ ಎಲ್ಡರ್ಲಿ’, ‘ದ ಯುನೈಟೆಡ್ ಕಿಂಗ್ಡಮ್’ ಮುಂತಾದವನ್ನು ಹಾಗೆಯೇ ನೆನಪಿಡಬೇಕು. ಆದರೂ ನನ್ನ ತಪ್ಪುಗಳಲ್ಲಿ ದೊಡ್ಡ ಪಾಲು ಇದರಿಂದಲೇ ಕರಗಿತು.

‘ಆ್ಯನ್’ ಎಲ್ಲಿ ಎಂಬುದು ನನಗೆ ಸಂಧಿಯ ನೆನಪಿನಿಂದ ಸುಲಭವಾಯಿತು. ಎರಡು ಸ್ವರಗಳು ಎದುರಾದಾಗ ನಮ್ಮಲ್ಲಿ ನಡುವೆ ಯಕಾರವೋ ವಕಾರವೋ ಬರುವಂತೆ ಅಲ್ಲಿ ನಕಾರ ನಿಲ್ಲುತ್ತದೆ. ಮೂಲದಲ್ಲಿ ‘ಆ್ಯನ್’ ಎಂಬುದೇ ಹಳೆಯ ರೂಪ, ಅದು ‘ಒನ್’ ಎಂಬ ಪದದ ಒಡಹುಟ್ಟು, ವ್ಯಂಜನದ ಮುಂದೆ ಅದರ ನಕಾರ ಬಿದ್ದುಹೋಗಿದೆ; ಹಾಗೆ ನೋಡಿದರೆ ಇದು ಆಗಮವಲ್ಲ, ಲೋಪ. ಸಂಧಿ ಆಗುವುದು ಉಚ್ಚಾರಕ್ಕೇ ಹೊರತು ಅಕ್ಷರಕ್ಕಲ್ಲವಾದ್ದರಿಂದ ‘ಆ್ಯನ್ ಎಕ್ಸ್-ರೇ’, ‘ಆ್ಯನ್ ಅವರ್’ ಎನ್ನಬೇಕು, ಆದರೆ ‘ಎ ಯೂನಿವರ್ಸಿಟಿ’, ‘ಎ ಯೂರಿನ್ ಸ್ಯಾಂಪಲ್’ ಎನ್ನಬೇಕು.

ನನ್ನ ತಪ್ಪುಗಳಿಗೆ ಇನ್ನೊಂದು ಕಾರಣವನ್ನು ನಾನೇ ಕಂಡುಕೊಂಡೆ, ಮತ್ತು ದಾದಿಯರೆಲ್ಲರೂ ಇದನ್ನು ಗಮನಿಸಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ನಾವು ಪ್ರತಿ ಪಾಳಿಯಲ್ಲಿ ಬರೆಯುವ ನರ್ಸಿಂಗ್ ನೋಟ್ಸ್ ತಂತಿ ಸಂದೇಶದಂತಿರುತ್ತವೆ: ‘ಪೇಶಂಟ್ ಕಂಪ್ಲೇನಿಂಗ್ ಆಫ್ ಪೇನ್ ಇನ್ ಅಬ್ಡಮನ್ ಸಿನ್ಸ್ ಟು ಡೇಸ್, ಡಾಕ್ಟರ್ ಇನ್ಫಾರ್ಮ್ಡ್, ಇಂಜೆಕ್ಷನ್ ಗಿವನ್.’ ವಾರ್ಡಿನಲ್ಲಿ ಹೀಗೆ ಬರೆಯುವುದು ಸರಿಯೇ, ಸಮಯ ಉಳಿಯುತ್ತದೆ. ಆದರೆ ಉಪಪದವಿಲ್ಲದ, ಸಹಾಯಕ ಕ್ರಿಯಾಪದವಿಲ್ಲದ ಇಂಗ್ಲಿಷನ್ನು ಹತ್ತು ವರ್ಷ ದಿನವೂ ಬರೆದ ಕೈ, ಪರೀಕ್ಷೆಯ ಹಾಳೆಯ ಮೇಲೂ ಅದನ್ನೇ ಬರೆಯುತ್ತದೆ. ಆದ್ದರಿಂದ ಪಾಳಿ ಮುಗಿದ ಮೇಲೆ, ಯಾವ ರೋಗಿಯ ಗುರುತೂ ಇಲ್ಲದಂತೆ ಅಂತಹ ಐದು ಸಾಲುಗಳನ್ನು ನೆನಪಿನಿಂದ ಕಟ್ಟಿಕೊಂಡು ಪೂರ್ಣ ವಾಕ್ಯಗಳಾಗಿ ಬಿಡಿಸುತ್ತಿದ್ದೆ: ‘ದ ಪೇಶಂಟ್ ಹ್ಯಾಡ್ ಹ್ಯಾಡ್ ಪೇನ್ ಇನ್ ದ ಅಬ್ಡಮನ್ ಫಾರ್ ಟು ಡೇಸ್. ದ ಡಾಕ್ಟರ್ ವಾಸ್ ಇನ್ಫಾರ್ಮ್ಡ್, ಅಂಡ್ ಆ್ಯನ್ ಇಂಜೆಕ್ಷನ್ ವಾಸ್ ಗಿವನ್.’ ಐದು ಸಾಲಿಗೆ ಕಾಲು ಗಂಟೆ ಸಾಕು. ನನ್ನ ಇಡೀ ಅಭ್ಯಾಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ.

ನೋಟ್ಸಿನ ಆ ‘ಸಿನ್ಸ್ ಟು ಡೇಸ್’ ಸಾಲಿನಲ್ಲೇ ಕಾಲದ ತಪ್ಪೂ ಇದೆ. ‘ಎರಡು ದಿನದಿಂದ’ ಎಂದರೂ ‘ಸೋಮವಾರದಿಂದ’ ಎಂದರೂ ಕನ್ನಡಕ್ಕೆ ‘ಇಂದ’ ಒಂದೇ ಸಾಕು. ಇಂಗ್ಲಿಷಿಗೆ ಅವಧಿಯಾದರೆ ‘ಫಾರ್’, ಆರಂಭದ ಬಿಂದುವಾದರೆ ‘ಸಿನ್ಸ್’. ‘ಹತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂಬ ನಮ್ಮ ವಾಕ್ಯವನ್ನು ಪದಕ್ಕೆ ಪದ ಇಟ್ಟರೆ ‘ಐ ಆ್ಯಮ್ ವರ್ಕಿಂಗ್ ಸಿನ್ಸ್ ಟೆನ್ ಇಯರ್ಸ್’ ಆಗುತ್ತದೆ. ಬೇಕಾದದ್ದು ‘ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ಟೆನ್ ಇಯರ್ಸ್’. ಇನ್ನೂ ಸೂಕ್ಷ್ಮವಾದದ್ದು ‘ಬಂದಿದ್ದೇನೆ’, ‘ಬಂದಿದ್ದೆ’ ಎಂಬ ರೂಪಗಳು. ‘ನಿನ್ನೆ ಬಂದಿದ್ದೆ’ ಎನ್ನುವುದು ನಮಗೆ ಸಹಜ, ಆದ್ದರಿಂದ ‘ಐ ಹ್ಯಾಡ್ ಕಮ್ ಯೆಸ್ಟರ್ಡೇ’ ಎಂದು ಬರೆಯುತ್ತೇವೆ. ಇಂಗ್ಲಿಷಿನಲ್ಲಿ ‘ನಿನ್ನೆ’ ಎಂದು ಹೇಳಿದ ಕೂಡಲೇ ಸಾದಾ ಭೂತಕಾಲ ‘ಕೇಮ್’ ಸಾಕು. ಹಿಂದಿನ ಒಂದು ಘಟನೆಗಿಂತಲೂ ಹಿಂದಿನದನ್ನು ಹೇಳುವಾಗ ಮಾತ್ರ ‘ಹ್ಯಾಡ್’ ಬೇಕು.

ಪ್ರಶ್ನೆಯೊಳಗಿನ ಪ್ರಶ್ನೆಯಲ್ಲೂ ಹೀಗೆಯೇ. ‘ಅವರು ಎಲ್ಲಿಗೆ ಹೋದರು’ ಎಂಬ ಪ್ರಶ್ನೆಯನ್ನು ನಾವು ಹಾಗೆಯೇ ಎತ್ತಿಟ್ಟು ‘ಎಂದು ಗೊತ್ತಿಲ್ಲ’ ಎಂದು ಸೇರಿಸುತ್ತೇವೆ. ಅದನ್ನೇ ಮಾಡಿ ‘ಐ ಡೋಂಟ್ ನೋ ವೇರ್ ಡಿಡ್ ದೇ ಗೋ’ ಎಂದೆ. ‘ವೇರ್ ದೇ ವೆಂಟ್’ ಎಂದಾಗಬೇಕು.

ಸಂಕೀರ್ಣ ವಾಕ್ಯಗಳಿಗಾಗಿ ಮನೆಗೆ ಬರುವ ಕನ್ನಡ ದಿನಪತ್ರಿಕೆಯನ್ನೇ ಬಳಸಿದೆ. ‘ನಿನ್ನೆ ರಾತ್ರಿ ಕುರ್ಲಾದಲ್ಲಿ ಹಳಿ ದಾಟುವಾಗ ಗಾಯಗೊಂಡ ಯುವಕ’ ಎಂಬಲ್ಲಿ ನಾವು ವಿವರವನ್ನೆಲ್ಲ ಕೃದಂತವಾಗಿಸಿ ನಾಮಪದಕ್ಕೆ ಮೊದಲೇ ಪೇರಿಸುತ್ತೇವೆ. ಇಂಗ್ಲಿಷ್ ನಾಮಪದವನ್ನು ಮೊದಲು ಹೇಳಿ ‘ಹೂ’ ಅಥವಾ ‘ವಿಚ್’ ಎಂದು ಶುರುಮಾಡಿ ವಿವರವನ್ನು ಆಮೇಲೆ ತರುತ್ತದೆ. ದಿನಕ್ಕೆ ಇಂತಹ ಮೂರು ವಾಕ್ಯಗಳನ್ನು ತಿರುಗಿಸಿ ಬರೆದೆ. ಆಗಲೇ ಅಲ್ಪವಿರಾಮದ ಬೆಲೆ ತಿಳಿಯಿತು: ‘ದ ನರ್ಸಸ್ ಹೂ ವರ್ಕ್ ಅಟ್ ನೈಟ್’ ಎಂದರೆ ರಾತ್ರಿ ಪಾಳಿಯವರು ಮಾತ್ರ, ‘ನರ್ಸಸ್’ ಆದ ಮೇಲೆ ಅಲ್ಪವಿರಾಮ ಹಾಕಿದರೆ ಆ ದಾದಿಯರೆಲ್ಲರೂ ರಾತ್ರಿ ಪಾಳಿಯವರೇ.

ಪದಸಂಪತ್ತಿಗೆ ನಾನು ಕೊಟ್ಟದ್ದು ಲೋಕಲ್ ರೈಲಿನ ಸಮಯ. ಡೊಂಬಿವಲಿಯಿಂದ ಪರೇಲ್‌ಗೆ ಸ್ಲೋ ಗಾಡಿಯಲ್ಲಿ ಸುಮಾರು ಒಂದು ಗಂಟೆ; ಮಹಿಳಾ ಡಬ್ಬಿಯಲ್ಲಿ ನಿಂತು ಬರೆಯಲಾಗದು, ಆದರೆ ಅಂಗೈಯಲ್ಲಿ ಹಿಡಿಯುವ ಚೀಟಿಗಳನ್ನು ಓದಬಹುದು. ವೆಲಿಂಗ್ಟನ್ನಿನ ವಿಕ್ಟೋರಿಯಾ ವಿಶ್ವವಿದ್ಯಾಲಯದ ಎವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ, 570 ಪದಕುಟುಂಬಗಳಿರುವ ಅಕಾಡೆಮಿಕ್ ವರ್ಡ್ ಲಿಸ್ಟ್‌ನಿಂದ ಪದಗಳನ್ನು ಆರಿಸಿಕೊಂಡೆ. ಕಲಿ, ಕಲಿಕೆ, ಕಲಿತ ಎಂಬಂತೆ ‘ಅನಲೈಸ್’, ‘ಅನಾಲಿಸಿಸ್’, ‘ಅನಲಿಟಿಕಲ್’ ಒಂದು ಕುಟುಂಬ. ಒಂಟಿ ಪದವನ್ನು ಮಾತ್ರ ಎಂದೂ ಚೀಟಿಯಲ್ಲಿ ಬರೆಯಲಿಲ್ಲ. ನಾವು ಬಾವಿ ತೋಡುತ್ತೇವೆ, ಹೊಲ ಉಳುತ್ತೇವೆ, ಸಾಲ ತೀರಿಸುತ್ತೇವೆ. ‘ಬಾವಿ ಉಳುತ್ತೇವೆ’ ಎಂದರೆ ಪ್ರತಿ ಪದದ ಅರ್ಥ ತಿಳಿದಿದ್ದರೂ ಕನ್ನಡ ಬರುವುದಿಲ್ಲ ಎಂದೇ ಲೆಕ್ಕ. ಅದೇ ರೀತಿ ‘ಪೋಸ್’ ಜೊತೆಗೆ ‘ರಿಸ್ಕ್’, ‘ಕಂಡಕ್ಟ್’ ಜೊತೆಗೆ ‘ರಿಸರ್ಚ್’ ಎಂದು ಜೋಡಿಯಾಗಿ ಬರೆದು, ಚೀಟಿಯ ಹಿಂಬದಿಯಲ್ಲಿ ವಾರ್ಡಿಗೆ ಸಂಬಂಧಿಸಿದ ಒಂದು ಕನ್ನಡ ವಾಕ್ಯವನ್ನಿಟ್ಟೆ. ಠಾಣೆಯಿಂದ ಕುರ್ಲಾವರೆಗೆ ಕನ್ನಡದ ಬದಿ ನೋಡಿ ಇಂಗ್ಲಿಷ್ ಹೇಳಿಕೊಳ್ಳುವುದು, ತಪ್ಪಿದ ಚೀಟಿಯನ್ನು ಮರುದಿನಕ್ಕೆ ಮೇಲಿಡುವುದು. ‘ಇಕ್ವಿಪ್‌ಮೆಂಟ್ಸ್’, ‘ಇನ್ಫರ್ಮೇಶನ್ಸ್’, ‘ಅಡ್ವೈಸಸ್’ ಎಂಬ ಬಹುವಚನಗಳು ಇಲ್ಲವೆಂಬುದನ್ನು ಕೆಂಪು ಶಾಯಿಯಲ್ಲಿ ಬರೆದ ಬೇರೆಯೇ ಚೀಟಿಗಳಿದ್ದವು, ಏಕೆಂದರೆ ಆ ತಪ್ಪುಗಳು ಆಸ್ಪತ್ರೆಯಲ್ಲಿ ದಿನವೂ ಕಿವಿಗೆ ಬೀಳುತ್ತವೆ.

ಆಲಿಸುವಿಕೆಯಲ್ಲಿ ಕಾಗುಣಿತ ತಪ್ಪಿದರೆ ಉತ್ತರವೇ ತಪ್ಪು. ಕನ್ನಡದಲ್ಲಿ ಒತ್ತಕ್ಷರ ಕಿವಿಗೆ ಕೇಳುತ್ತದೆ, ಇಂಗ್ಲಿಷಿನ ಜೋಡಿ ವ್ಯಂಜನ ಕೇಳುವುದಿಲ್ಲ. ‘ಅಕಾಮಡೇಶನ್’ ಎಂಬಲ್ಲಿ ಎರಡು ಸಿ, ಎರಡು ಎಂ ಇರುವುದನ್ನು ಕೈಯೇ ಕಲಿಯಬೇಕು. ಅಂತಹ ಪದಗಳನ್ನು ತಮ್ಮನಿಂದ ಉಕ್ತಲೇಖನ ಹೇಳಿಸಿಕೊಂಡು ಬರೆದೆ.

ಕೊನೆಯ ಆರು ವಾರ ವಾರಕ್ಕೆ ಎರಡು ಪೂರ್ಣ ಅಭ್ಯಾಸ: ನಕ್ಷೆ ಅಥವಾ ಚಾರ್ಟಿನ ವಿವರಣೆಗೆ 20 ನಿಮಿಷ, ಕನಿಷ್ಠ 150 ಪದ, ಎರಡು ಪಟ್ಟು ತೂಕವಿರುವ ಪ್ರಬಂಧಕ್ಕೆ 40 ನಿಮಿಷ, ಕನಿಷ್ಠ 250 ಪದ. ಪ್ರಬಂಧದ ಕೊನೆಯ ಐದು ನಿಮಿಷಗಳಲ್ಲಿ ಹೊಸದೇನನ್ನೂ ಬರೆಯದೆ, ನನ್ನ ತಪ್ಪುಗಳನ್ನು ಬರೆದಿಡುತ್ತಿದ್ದ ಪುಸ್ತಕದಲ್ಲಿ ಅತಿ ಹೆಚ್ಚು ಸಲ ಬಂದ ಮೂರನ್ನು ಮಾತ್ರ ಹುಡುಕುತ್ತಿದ್ದೆ: ಉಪಪದ, ಕಾಲ, ಬಹುವಚನದ ‘ಎಸ್’. ಎಲ್ಲವನ್ನೂ ಒಟ್ಟಿಗೆ ಹುಡುಕಿದರೆ ಒಂದೂ ಸಿಗುವುದಿಲ್ಲ. ಟೀಚರ್ ಪ್ರತಿ ಬುಧವಾರ ಒಂದು ಪ್ರಬಂಧವನ್ನು ಓದಿ, ತಪ್ಪಿಲ್ಲದ ವಾಕ್ಯಗಳ ಪಕ್ಕದಲ್ಲಿ ಮಾತ್ರ ಗುರುತು ಹಾಕುತ್ತಿದ್ದರು. ಗುರುತಿಲ್ಲದ ವಾಕ್ಯದಲ್ಲಿ ಏನು ತಪ್ಪಿದೆಯೆಂದು ನಾನೇ ಹುಡುಕಬೇಕಿತ್ತು.

ಎರಡನೆಯ ಸಲ ಆಲಿಸುವಿಕೆಯಲ್ಲಿ 8, ಓದಿನಲ್ಲಿ 7, ಮಾತಿನಲ್ಲಿ 7, ಬರವಣಿಗೆಯಲ್ಲಿ 6.5 ಬಂತು. ಫಲಿತಾಂಶದ ಹಾಳೆಯನ್ನು ಹಿಡಿದು ಸಯನ್‌ಗೆ ಹೋದಾಗ ಟೀಚರ್ ಬಹಳ ಹೊತ್ತು ಅದನ್ನೇ ನೋಡಿದರು. ನಂತರ ನನ್ನ ಪುಸ್ತಕವನ್ನು ತೆರೆದು, ರೋಗಗಳ ಹೆಸರಿನ ಮುಂದೆ ‘ದ’ ಬರುವುದು ಎಲ್ಲಿ ಎಂದು ಕೇಳಿದರು. ‘ದ ಫ್ಲೂ’ ಎನ್ನುತ್ತಾರೆ, ‘ಮಲೇರಿಯಾ’, ‘ಡಯಾಬಿಟಿಸ್’ಗಳಿಗೆ ಇಲ್ಲ ಎಂದೆ. “ಇನ್ನು ಅಲ್ಲಿನ ವಾರ್ಡಿನಲ್ಲಿ ದಿನವೂ ಬೇಕಾಗುತ್ತದೆ, ಪಟ್ಟಿ ಮಾಡಿಕೊಂಡು ಬುಧವಾರ ತಾ” ಎಂದರು. ಪಟ್ಟಿ ಈಗ ಎರಡನೆಯ ಪುಟದಲ್ಲಿದೆ.